ಗುಡ್ಡೆ ಬಂಗಲೆಯ ಏಳು ಕಿಂಡಿಗಳು

ಎಂಜಿನಿಯರಿಂಗ್ ಓದುವ ಮಕ್ಕಳು ಆಗಾಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕಡಬದ ಆಚೆ ದಿಣ್ಣೆಯ ಮೇಲಿರುವ ಕಲ್ಲಿನ ಬಂಗಲೆಯನ್ನು ಟೇಪು ಹಿಡಿದು ಅಳೆದು, ನಾಲ್ಕು ಕಡೆಯಿಂದ ಫೋಟೊ ತೆಗೆದು, "ಇದು ಯಾವ ಶೈಲಿ ಸಾರ್?" ಎಂದು ಕೇಳುತ್ತಾರೆ. ಒಬ್ಬ ಗೋಥಿಕ್ ಎನ್ನುತ್ತಾನೆ, ಇನ್ನೊಬ್ಬಳು ವಸಾಹತು ಶೈಲಿ ಎನ್ನುತ್ತಾಳೆ. ನಾನು ಬರೀ ಓವರ್ಸಿಯರ್ ಆಗಿದ್ದವನು, ಶೈಲಿಯ ಹೆಸರು ನನಗೆ ಗೊತ್ತಿಲ್ಲ. ಆ ಬಂಗಲೆಯ ಹೊಟ್ಟೆಯೊಳಗೆ ಏನಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು, ಯಾಕೆಂದರೆ ಅದನ್ನು ಬೀಳಿಸುವುದಕ್ಕೆ ಸ್ವಲ್ಪವೇ ಬಾಕಿ ಇಟ್ಟವನು ನಾನು.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು ಎಂದು ಬರೆಯುತ್ತ ಕೂತರೆ ನಿಮಗೂ ಆಕಳಿಕೆ, ನನಗೂ ಆಕಳಿಕೆ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ಉಪಯೋಗಕ್ಕೆ ಬರುವುದು ನಮ್ಮ ತಪ್ಪುಗಳು. ಅವುಗಳಲ್ಲಿ ದೊಡ್ಡದನ್ನೇ ಹೇಳುತ್ತೇನೆ.

ನಾನು ಪುತ್ತೂರಿನಲ್ಲಿ ಕೆಲಸಕ್ಕೆ ಸೇರುವಾಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕೆಲವೇ ವರ್ಷಗಳಲ್ಲಿ ರಾಜ್ಯ ಬದಲಾಯಿತು. ಅಡಿ, ಇಂಚು ಹೋಗಿ ಮೀಟರು ಬಂತು. ಬೆಲ್ಲದ ನೀರು ಹಾಕಿ ಅರೆಯುತ್ತಿದ್ದ ಸುಣ್ಣದ ಗಾರೆ ಹೋಗಿ ಸಿಮೆಂಟು ಬಂತು. ಸಿಮೆಂಟಿನ ಚೀಲ ಬಿಚ್ಚಿದರೆ ಸಾಕು, ಯಾವ ಕಾಯಿಲೆಗೂ ಮದ್ದು ಸಿಕ್ಕಿತು ಎಂದು ನಾವೆಲ್ಲ ಮೆರೆಯುತ್ತಿದ್ದ ಕಾಲ ಅದು. ನಾನಿನ್ನೂ ಕಾಯಂ ಆಗಿರಲಿಲ್ಲ. ಉಪ್ಪಿನಂಗಡಿಯಿಂದ ಸುಳ್ಯದ ಕಡೆಗಿನ ಕೆಲವು ರಸ್ತೆಗಳು, ಒಂದಷ್ಟು ಮೋರಿಗಳು, ಜೊತೆಗೆ ಈ ಬಂಗಲೆ ನನ್ನ ಕೊರಳಿಗೆ ಬಿದ್ದಿದ್ದವು.

ನಮ್ಮ ಕಡೆ ಮನೆ ಕಟ್ಟುವುದು ಕೆಂಪು ಮುರಕಲ್ಲಿನಲ್ಲಿ. ಈ ಬಂಗಲೆ ಕಟ್ಟಿಸಿದ ಬಿಳಿಯ ಎಂಜಿನಿಯರನಿಗೆ ಮಾತ್ರ ಮುರಕಲ್ಲು ಹಿಡಿಸಲಿಲ್ಲವಂತೆ. ಹೊಳೆಯ ಬದಿಯ ಪಾದೆಬಂಡೆಯಿಂದ ಕರಿಕಲ್ಲು ಒಡೆಸಿ, ಎತ್ತಿನ ಗಾಡಿಯಲ್ಲಿ ಗುಡ್ಡೆ ಹತ್ತಿಸಿದ. ಮುಂದಿನ ಜಗಲಿಗೆ ಐದು ಕಮಾನು. ಪ್ರತಿ ಕಮಾನಿನ ನೆತ್ತಿಯಲ್ಲಿ ಒಂದು ಕಲ್ಲು ಉಳಿದವಕ್ಕಿಂತ ಎರಡು ಬೆರಳು ಮುಂದಕ್ಕೆ ಚಾಚಿ ನಿಂತಿದೆ. ಗೋಡೆ ಮೊಳಕ್ಕಿಂತ ದಪ್ಪ, ಹೆಂಚಿನ ಮಾಡು ಕಡಿದಾದ ಇಳಿಜಾರು, ಮಾಡಿನ ತುದಿಯಲ್ಲಿ ಮರದ ಕುಸುರಿ. ನಡುಕೋಣೆಯಲ್ಲಿ ಬೆಂಕಿ ಕಾಯಿಸುವ ಒಲೆಗೂಡು ಬೇರೆ! ನಮ್ಮ ಸೆಕೆಗೆ ಬೆಂಕಿ ಯಾರಿಗೆ ಬೇಕು ಮಾರಾಯ್ರೆ? ಬಂಗಲೆ ಕಾಯುವ ಮೋನಪ್ಪ ಅದರೊಳಗೆ ತೆಂಗಿನಕಾಯಿ ಇಡುತ್ತಿದ್ದ. ಅಡಿಗೆ ಕೋಣೆ ಮಾತ್ರ ಬಂಗಲೆಗೆ ತಾಗದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಬೇರೆಯಾಗಿ ನಿಂತಿತ್ತು.

ಬಂಗಲೆಯ ಬೆನ್ನು ಗುಡ್ಡೆಗೆ ಆನಿಸಿಕೊಂಡಿದೆ, ಮುಖ ಹೊಳೆಯ ಕಡೆಗೆ. ನೆಲ ಮನುಷ್ಯನ ಸೊಂಟದಷ್ಟು ಎತ್ತರದಲ್ಲಿದ್ದು, ಕೆಳಗೆಲ್ಲ ಪೊಳ್ಳು. ಮುಂಭಾಗದಲ್ಲಿ ಆ ನೆಲವನ್ನು ಹೊತ್ತ ಬುಡದ ಗೋಡೆಯಲ್ಲಿ ಸಾಲಾಗಿ ಏಳು ಕಿಂಡಿಗಳು, ಒಂದೊಂದೂ ಗೇಣಗಲ. ಇಲಾಖೆಯಲ್ಲಿದ್ದ ಹಳೆಯ ನಕ್ಷೆಯಲ್ಲಿ ಅವನ್ನು ಸಣ್ಣ ಚೌಕಗಳಾಗಿ ಬರೆದಿದ್ದರು. ಚಂದಕ್ಕೆ ಮಾಡಿದ ಅಲಂಕಾರ ಎಂದುಕೊಂಡೆ. ಅದೇ ನನ್ನ ಮೊದಲ ಹೆಡ್ಡತನ.

ಅವು ಅಲಂಕಾರವಲ್ಲ ಎಂದು ಗೊತ್ತಿದ್ದವನು ಐತಪ್ಪ ಮೇಸ್ತ್ರಿ. ದಿನಗೂಲಿಯ ಹಾಜರಿ ಪಟ್ಟಿಯಲ್ಲಿ ಇದ್ದವನು, ಅವನ ಕೈಕೆಳಗೆ ಗಂಡು ಹೆಣ್ಣು ಸೇರಿ ಹನ್ನೆರಡು ಜನ. ಆ ಐದು ಕಮಾನುಗಳ ಕಲ್ಲು ಕಡಿದವರಲ್ಲಿ ಅವನ ಅಪ್ಪನೂ ಒಬ್ಬ. ಐತಪ್ಪ ಬಂಗಲೆಗೆ ಬಂದಾಗೆಲ್ಲ ಎಡಗಡೆಯ ಮೊದಲ ಕಮಾನನ್ನು ಒಮ್ಮೆ ಅಂಗೈಯಲ್ಲಿ ಸವರಿಯೇ ಮೆಟ್ಟಿಲು ಹತ್ತುತ್ತಿದ್ದ. ಅದು ಅವನ ಅಪ್ಪ ಕಡಿದ ಕಮಾನು.

ಒಂದು ಬೇಸಿಗೆಯಲ್ಲಿ ದೊಡ್ಡ ಸಾಹೇಬರು, ಅಂದರೆ ಎಕ್ಸಿಕ್ಯುಟಿವ್ ಎಂಜಿನಿಯರು, ಹೆಂಡತಿಯ ಸಮೇತ ಬಂಗಲೆಗೆ ಬರುವವರಿದ್ದರು. ಅದಕ್ಕೆ ವಾರ ಇರುವಾಗ ಮೋನಪ್ಪನ ಹೆಂಡತಿ ಸೀತಕ್ಕ ಓಡಿ ಬಂದಳು. "ಓವರ್ಸಿಯರ್ರೆ, ನಾಗರ! ನಾಲ್ಕನೇ ಕಿಂಡಿಯೊಳಗೆ ಹೋದದ್ದು ನಾನು ಕಣ್ಣಾರೆ ನೋಡಿದ್ದು!"

ನನ್ನ ಮೇಲಿನ ಅಸಿಸ್ಟೆಂಟ್ ಎಂಜಿನಿಯರು ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. "ಹೊಡೆದು ಹಾಕ್ರೀ, ಅದಕ್ಕೇನು ಟೆಂಡರ್ ಕರೀಬೇಕಾ?" ಎಂದರು. ನಮ್ಮ ಕಡೆ ನಾಗರಹಾವಿಗೆ ಕೋಲು ಎತ್ತುವವರು ಯಾರಿದ್ದಾರೆ? ಹನ್ನೆರಡು ಜನವೂ ನೆಲ ನೋಡಿದರು, ನಾನೂ ನೋಡಿದೆ. ಕೊನೆಗೆ ಕಿಂಡಿಗಳನ್ನು ಮುಚ್ಚಿಬಿಡುವ ಉಪಾಯ ಹೊಳೆದದ್ದು ನನಗೆ. ಆದರೆ ಹಾವು ಒಳಗಿರುವಾಗ ಮುಚ್ಚಿದರೆ ಅದು ಕೊಂದದ್ದಕ್ಕಿಂತಲೂ ಕೆಟ್ಟದ್ದು. ಹಾಗಾಗಿ ಏಳೂ ಕಿಂಡಿಗಳ ಮುಂದೆ ಒಲೆಯ ಬೂದಿಯನ್ನು ಜರಡಿ ಹಿಡಿದು ಹರಡಿಸಿದೆ. ದಿನಾ ಬೆಳಿಗ್ಗೆ ಹೋಗಿ ಗೆರೆ ನೋಡುವುದೇ ನಮಗೆಲ್ಲ ಕೆಲಸವಾಯಿತು.

ಬೂದಿ ಹಾಕಿದ ದಿನವೇ ಐತಪ್ಪ ಹೇಳಿದ, "ಮುಚ್ಚುದು ಬೇಡ ಓವರ್ಸಿಯರ್ರೆ. ನಾಲ್ಕು ದಿವಸ ಕೊಡಿ. ಸಣ್ಣ ಸೀಳು ಬಿಟ್ಟು ಕಲ್ಲು ಕಡಿದು ಕೂರಿಸ್ತೇನೆ. ನೀರು ಹೋಗ್ತದೆ, ಹಾವು ಹೋಗುದಿಲ್ಲ."

"ಎಂತ ನೀರು? ಬಿಸಿಲಿಗೆ ನೆಲ ಬಿರಿದಿದೆ. ಮೊದಲು ಹಾವಿನ ವಿಚಾರ ನೋಡುವ" ಎಂದು ಅವನ ಬಾಯಿ ಮುಚ್ಚಿಸಿದೆ.

ಐದನೆಯ ಬೆಳಿಗ್ಗೆ ನಾಲ್ಕನೇ ಕಿಂಡಿಯ ಮುಂದೆ ಗೆರೆ ಮೂಡಿತ್ತು. ಬೂದಿ ಯಾವ ಕಡೆಗೆ ಒತ್ತಿದೆ ಎಂದು ಐತಪ್ಪ ಕುಕ್ಕರುಗಾಲಲ್ಲಿ ಕೂತು ನೋಡಿ, "ಹೊರಗೆ ಹೋಗಿದೆ" ಎಂದ. ಸಾಹೇಬರು ಬರಲು ಎರಡೇ ದಿನ. ಆ ಗಳಿಗೆಯಲ್ಲೇ ಏಳಕ್ಕೂ ಕಲ್ಲುಚೂರು ತುಂಬಿ ಸಿಮೆಂಟು ಮೆತ್ತಿಸಲು ಹೇಳಿದೆ.

ಐತಪ್ಪ ಕರಣೆ ಕೈಯಲ್ಲಿ ಹಿಡಿದು ನಿಂತೇ ಇದ್ದ. "ಮಳೆಗೆ ಮುಂಚೆ ತೆಗೀಬೇಕು. ಇಲ್ಲದಿದ್ರೆ ಬಂಗಲೆ ಉಳಿಯುದಿಲ್ಲ."

"ತೆಗೆಸುವ ಮಾರಾಯ, ನಾನೇ ಹೇಳಿ ಕಳಿಸ್ತೇನೆ. ನೀನಾಗಿ ಮುಟ್ಟಲಿಕ್ಕೆ ಹೋಗಬೇಡ" ಎಂದೆ. ಸಾಹೇಬರು ಬಂದರು, ಇದ್ದರು, ಹೋದರು. ಗೋಡೆಯ ಬುಡ ಚೊಕ್ಕಟವಾಗಿದೆ ಎಂದು ಅವರ ಹೆಂಡತಿ ಹೊಗಳಿದರಂತೆ. ನಾನು ಎದೆಯುಬ್ಬಿಸಿಕೊಂಡು ಬೆಳ್ಳಾರೆ ಕಡೆಯ ಮೋರಿ ಕೆಲಸಕ್ಕೆ ಹೋದೆ. ಹೇಳಿ ಕಳಿಸಲು ಮರೆತೆ. ಮರೆತೆ ಎಂಬುದಕ್ಕೆ ಬೇರೆ ಅಲಂಕಾರದ ಮಾತೇನೂ ನನ್ನಲ್ಲಿ ಇಲ್ಲ.

ಆಟಿ ತಿಂಗಳ, ಅಂದರೆ ಆಷಾಢದ, ಮಳೆ ಹಿಡಿದ ಮೇಲೆ ಮೋನಪ್ಪ ಪುತ್ತೂರಿನ ಕಚೇರಿಗೇ ಬಂದ. ಬಂಗಲೆಯ ನೆಲ ಬೆವರುತ್ತಿದೆ, ಕಾಲಿಟ್ಟರೆ ಮೊದಲಿನ ಪೊಳ್ಳು ಸದ್ದು ಇಲ್ಲ, ಕೆಳಗೆ ಏನೋ ತುಂಬಿದ ಹಾಗೆ ಕೇಳುತ್ತದೆ ಎಂದ. ಅಸಿಸ್ಟೆಂಟ್ ಎಂಜಿನಿಯರ ಜೊತೆ ಜೀಪಿನಲ್ಲಿ ಹೋದೆ. ಮೂರನೇ ಮತ್ತು ನಾಲ್ಕನೇ ಕಿಂಡಿಯ ನಡುವೆ ಕಲ್ಲಿನ ಗೋಡೆ ಹೊರಕ್ಕೆ ಉಬ್ಬಿತ್ತು. ತೂಗುಗುಂಡು ಇಳಿಬಿಟ್ಟು ನೋಡಿದೆವು, ಎರಡು ಬೆರಳು.

ಆಗ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಹಿಂದಿನ ಗುಡ್ಡೆಯಿಂದ ಒಸರುವ ನೀರನ್ನು ತಡೆಯಲಾಗದು ಎಂದು ಕಟ್ಟಿದವನಿಗೆ ಗೊತ್ತಿತ್ತು. ಅದು ನೆಲದ ಕೆಳಗಿನಿಂದ ಹಾದು ಮುಂದಿನ ಕಿಂಡಿಗಳಿಂದ ಹೊರಟುಹೋಗಲಿ ಎಂದು ದಾರಿ ಮಾಡಿಕೊಟ್ಟಿದ್ದ. ಬಂಗಲೆಯ ಅಡಿಯಲ್ಲಿ ಈಗ ಒಂದು ಕೆರೆ ತುಂಬಿತ್ತು. ಅದರ ಕಟ್ಟೆ ಈ ಗೋಡೆ, ಗೋಡೆಯ ಮೇಲೆ ಐದು ಕಮಾನುಗಳು.

ರಸ್ತೆ ಕೆಲಸದಲ್ಲಿದ್ದ ಐತಪ್ಪನನ್ನೂ ಅವನ ಹನ್ನೆರಡು ಜನರನ್ನೂ ಅಂಗಳಕ್ಕೆ ಕರೆಸಿದರು. "ಈ ಕಿಂಡಿ ಮುಚ್ಚಿದೋನು ಯಾರು?" ಎಂದು ಅಸಿಸ್ಟೆಂಟ್ ಎಂಜಿನಿಯರು ಗುಡುಗಿದರು.

"ನಾನೇ ಸಾಮಿ. ಓವರ್ಸಿಯರ್ರು ಹೇಳಿದ ಹಾಗೆ ಮಾಡಿದ್ದು" ಎಂದ ಐತಪ್ಪ.

ಅಸಿಸ್ಟೆಂಟ್ ಎಂಜಿನಿಯರು ನನ್ನ ಕಡೆ ತಿರುಗಿದರು. ನನ್ನ ಕಾಯಂ ಆರ್ಡರು ಅವರ ಮೇಜಿನ ಮೇಲಿತ್ತು. "ಮಳೆಗೆ ಮುಂಚೆ ತೆಗೀಬೇಕು ಅಂತ ಮಾತಾಗಿತ್ತು ಸಾರ್" ಎಂದೆ.

ನೋಡಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮಾತಾಗಿತ್ತು. ಹೇಳಿ ಕಳಿಸುತ್ತೇನೆ ಎಂದವನು ನಾನು, ಮುಟ್ಟಬೇಡ ಎಂದವನೂ ನಾನು ಎಂಬುದನ್ನು ಮಾತ್ರ ಹೇಳಲಿಲ್ಲ. ಐತಪ್ಪ ನನ್ನ ಮುಖ ನೋಡಿದ. ನಾನು ತೂಗುಗುಂಡು ನೋಡಿದೆ.

"ಹೇಳಿದ ಕೆಲಸ ನೆನಪಿಟ್ಕೊಳ್ಳೋಕಾಗದೋನು ಯಾವ ಸೀಮೆ ಮೇಸ್ತ್ರಿನಯ್ಯಾ? ಎಷ್ಟೋ ಮಳೆ ಕಂಡ ಬಂಗಲೆ ನಿನ್ನ ಕೈಯಲ್ಲಿ ಹಾಳಾಯ್ತು" ಎಂದು ಅವರು ಅಷ್ಟೂ ಜನರೆದುರು ಬೈದು ಹಾಜರಿ ಪಟ್ಟಿಯಿಂದ ಅವನ ಹೆಸರು ಹೊಡೆದರು. ಈಗಲಾದರೂ ಕಿಂಡಿ ಬಿಡಿಸಬೇಕು ಎಂದು ಐತಪ್ಪ ಹೇಳಹೋದ. "ಉಬ್ಬಿದ ಗೋಡೆಗೆ ಸುತ್ತಿಗೆ ಹಾಕ್ತೀಯಾ? ಈ ಕಡೆ ತಲೆ ಹಾಕಿದ್ರೆ ಪೊಲೀಸಿಗೆ ಕೊಡ್ತೀನಿ" ಎಂದು ಗದರಿಸಿ, ಗೋಡೆಗೆ ನಾಲ್ಕು ಮರದ ಆನಿಕೆ ಕೊಡಿಸಿ ಹೊರಟರು. ಐತಪ್ಪ ಅಲ್ಲಿಂದ ಹೊರಟ. ಮೆಟ್ಟಿಲ ಬಳಿ ನನ್ನನ್ನು ದಾಟುವಾಗ ಇಷ್ಟೇ ಅಂದ, "ಅಪ್ಪ ಕಟ್ಟಿದ್ದನ್ನು ಮಗ ಕೆಡಿಸಿದ ಅಂತ ಆಯ್ತಲ್ಲ, ಓವರ್ಸಿಯರ್ರೆ." ಆ ದಿನ ಮೊದಲ ಕಮಾನನ್ನು ಅವನು ಮುಟ್ಟಲಿಲ್ಲ.

ಐದು ದಿನ ಮಳೆ ನಿಲ್ಲಲಿಲ್ಲ. ಉಪ್ಪಿನಂಗಡಿಯಲ್ಲಿ ಸಂಗಮವಾಗುವ ಎರಡೂ ಹೊಳೆ ಉಕ್ಕಿ ರಸ್ತೆಗೆ ಏರಿದವು. ನೆರೆ ನೋಡಲು ಹೊರಟ ದೊಡ್ಡ ಸಾಹೇಬರ ಜೀಪು ಆಚೆಗೂ ಹೋಗಲಾರದೆ, ಈಚೆಗೂ ಬರಲಾರದೆ ಬಂಗಲೆಗೆ ಬಂತು. ಜೊತೆಗೆ ಅಸಿಸ್ಟೆಂಟ್ ಎಂಜಿನಿಯರು, ನಾನು. ಹೊಳೆಬದಿಯ ಬಿಡಾರಕ್ಕೆ ನೀರು ಬಂದು ನಮ್ಮ ರಸ್ತೆಯಾಳುಗಳೂ ಮಕ್ಕಳುಮರಿ ಕಟ್ಟಿಕೊಂಡು ಅಲ್ಲಿಗೇ ಹತ್ತಿ ಬಂದಿದ್ದರು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸೀತಕ್ಕ ಜಗಲಿಯಲ್ಲಿ ನಿಂತು ಮೇಲೆ ನೋಡಿದಳು. ನಡುಕಮಾನಿನ ನೆತ್ತಿಯ ಕಲ್ಲಿನ ಪಕ್ಕದಿಂದ ಸುಣ್ಣದ ಪುಡಿ ಸಣ್ಣಗೆ ಉದುರುತ್ತಿತ್ತು. ಅಷ್ಟರಲ್ಲಿ ಕೆಳಗೆಲ್ಲೋ ಕಲ್ಲು ಕಲ್ಲಿಗೆ ಉಜ್ಜಿದ ಸದ್ದು. ಒಂದು ಆನಿಕೆ ಲಟಕ್ಕೆಂದು ಸೀಳಿತು.

ದೊಡ್ಡ ಸಾಹೇಬರು ದನಿ ಎತ್ತಲಿಲ್ಲ. "ಎಲ್ಲರೂ ಪಕ್ಕದ ಬಾಗಿಲಿಂದ ಅಡಿಗೆ ಕೋಣೆಗೆ ಹೋಗಿ. ಮಕ್ಕಳು ಮೊದಲು" ಎಂದರು. ಆಳುಗಳು ಹೋದ ಮೇಲೆ ಮಳೆಯಲ್ಲೇ ನಿಂತು ಗೋಡೆ ನೋಡಿದರು. "ಈ ಗೋಡೆಯ ಒಳಗನ್ನು ಬಲ್ಲವರು ಯಾರಿದ್ದಾರೆ?"

ನಾನು ಬಾಯಿ ತೆರೆಯುವ ಮೊದಲೇ ಮೋನಪ್ಪ ಹೇಳಿದ, "ಐತಪ್ಪ ಉಂಟು. ಅವನನ್ನು ಬರಬಾರದು ಅಂತ ಹೇಳಿದ್ದಾರೆ." ಅಸಿಸ್ಟೆಂಟ್ ಎಂಜಿನಿಯರು ಕೆಮ್ಮಿದರು. ಸೀತಕ್ಕ ಅಪ್ಪಣೆಗೆ ಕಾಯಲಿಲ್ಲ, ಮಳೆಗೆಂದು ತಲೆಗೆ ಓಲೆಯ ಗೊರಬೆ ಹಾಕಿಕೊಂಡು ಅವನ ಮನೆ ಕಡೆ ಓಡಿಯಾಗಿತ್ತು.

ಐತಪ್ಪ ಬಂದ. ಯಾರಿಗೂ ನಮಸ್ಕಾರ ಇಲ್ಲ. ಗೋಡೆಯ ಉದ್ದಕ್ಕೂ ಕಿವಿಯಿಟ್ಟು ನಡೆದು ದೊಡ್ಡ ಸಾಹೇಬರ ಮುಂದೆ ನಿಂತ. "ನಡುವಿನದ್ದು ಈಗ ಮುಟ್ಟಬಾರದು. ಎರಡು ಕೊನೆಯಿಂದ ಬರಬೇಕು. ಮೊದಲು ಒಂದು ಬೆರಳಷ್ಟು ತೂತು, ನೀರು ಸಪೂರ ಹೋಗ್ಲಿ. ಒಮ್ಮೆಲೇ ಬಿಟ್ರೆ ಗೋಡೆಯನ್ನೇ ಎಳ್ಕೊಂಡು ಹೋಗ್ತದೆ."

"ಮಾಡು" ಎಂದರು ಸಾಹೇಬರು.

"ಉಳಿ ಹಿಡೀಲಿಕ್ಕೆ ಒಬ್ಬರು ಬೇಕು."

ಉದ್ದನೆಯ ಉಳಿಯನ್ನು ಒಬ್ಬ ಹಿಡಿಯಬೇಕು, ಇನ್ನೊಬ್ಬ ಹೊಡೆಯಬೇಕು. ಹಿಡಿದವನು ಗೋಡೆಗೆ ಮುಖ ಕೊಟ್ಟು ಕೂತಿರಬೇಕು. ಗೋಡೆ ಬಂದರೆ ಮೊದಲು ಬರುವುದು ಅವನ ಮೇಲೆ. ಆಳುಗಳು ಅಡಿಗೆ ಕೋಣೆಯ ಮಾಡಿನ ಕೆಳಗೆ ನಿಂತು ನೋಡುತ್ತಿದ್ದರು, ಯಾರೂ ಅಲುಗಾಡಲಿಲ್ಲ. ಅವರೆದುರಲ್ಲೇ ಅಲ್ಲವೇ ಐತಪ್ಪನ ಮಾನ ಹೋದದ್ದು? ನಾನು ಚಪ್ಪಲಿ ಕಳಚಿಟ್ಟು ಹೋಗಿ ಕೂತೆ. ಧೈರ್ಯದಿಂದ ಎಂದು ತಿಳಿಯಬೇಡಿ, ನಿಂತಲ್ಲಿ ನಿಲ್ಲಲಾಗದೆ ಹೋದೆ.

ಐತಪ್ಪ ನನ್ನನ್ನು ನೋಡಿದ. "ನೀವಾ? ಆಯ್ತು. ಕೈ ನಡುಗಬಾರದು. ಉಳಿ ಜಾರಿದ್ರೆ ಪಕ್ಕದ ಕಲ್ಲು ಸಡಿಲ ಆಗ್ತದೆ."

ಅವನು ಸುತ್ತಿಗೆ ಕೆಳಗಿಟ್ಟು, ನನ್ನ ಮೊಣಕೈಯನ್ನು ನನ್ನದೇ ಮೊಣಕಾಲಿಗೆ ಒತ್ತಿ ಕೂರಿಸಿದ. ಆಮೇಲೆ ಹೊಡೆದ. ಒಂದು ಪೆಟ್ಟು, ಕಿವಿಯಿಟ್ಟು ಕೇಳುವುದು, ಇನ್ನೊಂದು ಪೆಟ್ಟು. ನಾನು ಹೆಮ್ಮೆಯಿಂದ ಹಾಕಿಸಿದ ಸಿಮೆಂಟು ಬಲವಾಗಿಯೇ ಇತ್ತು, ಅದರ ಗಟ್ಟಿತನಕ್ಕೆ ಆ ದಿನ ಶಾಪ ಹಾಕಿದೆ. ಉಳಿ ಒಮ್ಮೆಲೇ ಒಳಕ್ಕೆ ಹೋಯಿತು. ಕೆಂಪು ನೀರು ಬಾಣದ ಹಾಗೆ ಬಂದು ನನ್ನ ಎದೆಗೆ ಹೊಡೆಯಿತು.

"ಅಲುಗಬೇಡಿ!" ಎಂದ ಐತಪ್ಪ. ನನ್ನ ತಲೆಯ ಮೇಲೆಲ್ಲೋ ಕಲ್ಲು ಮತ್ತೆ ಉಜ್ಜಿತು. ನಾನು ಕಣ್ಣು ಮುಚ್ಚಿದೆ. ಗೋಡೆ ಬರಲಿಲ್ಲ.

ಮೊದಲನೆಯದಾದ ಮೇಲೆ ಏಳನೆಯದು, ಎರಡನೆಯದಾದ ಮೇಲೆ ಆರನೆಯದು, ಮತ್ತೆ ಐದನೆಯದು. ಪ್ರತಿ ಸಲವೂ ನೀರು ಇಳಿಯುವವರೆಗೆ ಕಾಯುವುದು, ಆಮೇಲೆ ತೂತನ್ನು ಸ್ವಲ್ಪ ಅಗಲ ಮಾಡುವುದು. ಅಂಗಳವೆಲ್ಲ ಕೆಂಪಾಯಿತು. ಉಬ್ಬಿನ ಎರಡು ಬದಿಯ ಮೂರನೆಯದು ಮತ್ತು ನಾಲ್ಕನೆಯದನ್ನು ಕೊನೆಗೆ ಉಳಿಸಿದ. ಅವಕ್ಕೆ ಬರುವಾಗ ಒಳಗೆ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಜಗಲಿಯಿಂದ ಸೀತಕ್ಕ ಕೂಗಿದಳು, "ಪುಡಿ ಬೀಳುದು ನಿಂತಿತು!" ಅವಳು ಯಾವಾಗ ಅಲ್ಲಿಗೆ ವಾಪಸು ಹೋಗಿ ನಿಂತಳೋ, ಯಾರೂ ನೋಡಿರಲಿಲ್ಲ.

ದೊಡ್ಡ ಸಾಹೇಬರು ಜಗಲಿಗೆ ಬಂದು ಕೂತರು. ಒದ್ದೆಯಾದ ಕನ್ನಡಕ ಒರೆಸುತ್ತ ಕೇಳಿದರು, "ಈ ಕಿಂಡಿಗಳನ್ನು ಮುಚ್ಚಿದ್ದು ಯಾರು?"

"ಇವನೇ ಸಾರ್. ಮಳೆಗೆ ಮುಂಚೆ ತೆಗೀ ಅಂದಿದ್ರೂ ಮರ್ತಿದ್ದ. ಹೆಸರು ತೆಗೆದು ಹಾಕಿದೀನಿ" ಎಂದರು ಅಸಿಸ್ಟೆಂಟ್ ಎಂಜಿನಿಯರು.

ಈ ಸಲ ಐತಪ್ಪ ನನ್ನ ಮುಖ ನೋಡಲಿಲ್ಲ, ಉಳಿಯ ಕೆಸರನ್ನು ಬೆರಳಿನಿಂದ ತೆಗೆಯುತ್ತಿದ್ದ. ಅವನು ನೋಡಿದ್ದರೆ ನಾನು ಮತ್ತೊಮ್ಮೆ ತಲೆ ತಪ್ಪಿಸುತ್ತಿದ್ದೆನೋ ಏನೋ. ನೋಡದೇ ಇದ್ದದ್ದು ತಡೆಯಲಾಗಲಿಲ್ಲ.

"ಸಾರ್, ಮುಚ್ಚಿಸಿದ್ದು ನಾನು. ಅವನು ಬೇಡ ಎಂದ, ಕೇಳಲಿಲ್ಲ. ನಾನು ಹೇಳುವವರೆಗೆ ಮುಟ್ಟಬೇಡ ಎಂದೆ. ಹೇಳಲು ನಾನೇ ಮರೆತೆ. ಅವತ್ತು ಅರ್ಧ ಮಾತ್ರ ಹೇಳಿದೆ."

ಸಾಹೇಬರು ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. "ಬರೆದು ಕೊಡಿ. ಇದರಿಂದ ನಿಮ್ಮ ಕಾಯಂ ಆರ್ಡರು ನಿಂತರೂ ನಿಲ್ಲಬಹುದು, ಗೊತ್ತಲ್ಲ?"

"ಗೊತ್ತು ಸಾರ್."

ಆರ್ಡರು ಮೂರು ವರ್ಷ ನಿಂತಿತು, ಅದು ಬೇರೆ ಮಾತು. ಒದ್ದೆ ಕೈಯಲ್ಲಿ ಬರೆದೆ, ಅಕ್ಷರ ಹರಡಿಕೊಂಡವು. ಸಹಿ ಹಾಕಿ ಸಾಹೇಬರಿಗೆ ಕೊಡಲು ಎದ್ದಾಗ ಐತಪ್ಪ ಅಡ್ಡ ನಿಂತ.

"ಎಂತ ಬರ್ದದ್ದು ಓವರ್ಸಿಯರ್ರೆ? ನನಗೆ ಓದ್ಲಿಕ್ಕೆ ಬರುದಿಲ್ಲ."

ಓದಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಇಲ್ಲಿ ಓದಿದ್ರೆ ಸಾಕಾಗುದಿಲ್ಲ" ಎಂದು ಅಡಿಗೆ ಕೋಣೆಯ ಕಡೆ ತೋರಿಸಿದ. "ಆ ದಿವಸ ಅವರೆಲ್ಲ ಇದ್ರು. ಅವರಿಗೂ ಕೇಳ್ಲಿ."

ನಾನು ಜಗಲಿಯ ತುದಿಗೆ, ಎಡಗಡೆಯ ಮೊದಲ ಕಮಾನಿನ ಕೆಳಗೆ ಹೋಗಿ ನಿಂತೆ. ಇಪ್ಪತ್ತು ಹೆಜ್ಜೆ ಆಚೆ ಮಾಡಿನ ಕೆಳಗೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಗಂಡಸರು. ಓದಿದೆ. ಮಳೆಯ ಅಬ್ಬರಕ್ಕೆ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಓದಿದೆ.

"ಎಂತ ಹೇಳುದು ಅವರು?" ಎಂದು ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಕೂಗಿ ಕೇಳಿದಳು.

ಕಾಗದ ಮಡಚಿದೆ. ಅವಳ ಮುಖ ನೋಡಿಕೊಂಡು, ಗಂಟಲು ಹರಿಯುವ ಹಾಗೆ ಕೂಗಿದೆ, "ಮೇಸ್ತ್ರಿಯ ತಪ್ಪಲ್ಲ! ಮುಚ್ಚಿಸಿದ್ದು ನಾನು! ತೆಗೆಸದೆ ಬಿಟ್ಟದ್ದೂ ನಾನು!"

ಈ ಸಲ ಎಲ್ಲರಿಗೂ ಕೇಳಿತು.

ಐತಪ್ಪ ನನ್ನ ಪಕ್ಕದಲ್ಲಿ ಹಾದು ಮೆಟ್ಟಿಲಿಳಿಯುವಾಗ ಅವನ ಅಪ್ಪನ ಕಮಾನಿಗೆ ಅಂಗೈ ಊರಿ ಒಂದು ಗಳಿಗೆ ನಿಂತ. ಕೆಸರು ಕೈಯ ಗುರುತು ಕರಿಕಲ್ಲಿನ ಮೇಲೆ ಉಳಿಯಿತು.

"ಕಿಂಡಿಗೆ ಸೀಳು ಬಿಟ್ಟು ಕಲ್ಲು ಕಡೀಲಿಕ್ಕೆ ಉಂಟಲ್ಲ, ಓವರ್ಸಿಯರ್ರೆ" ಎಂದ. "ನಾಲ್ಕು ದಿವಸ ಬೇಕು."